ಉಡಾಳ ಮಕ್ಕಳ ಲೆಕ್ಕ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಆಕೆಯೂ ಒಂದು ಶಾಲೆಯಲ್ಲಿ ಅಕ್ಕೋರು. ಚಹಾ ಕುಡಿಯುತ್ತ, “ಸರ್, ನಮ್ಮ ಕಾಲದಾಗ ಇಷ್ಟು ಉಡಾಳ ಹುಡುಗರು ಇದ್ರೇನ್ರಿ? ಈಗ ಭಾಳ ಆಗ್ಯಾರ ಅನಸ್ತದ” ಎಂದು ಕೇಳಿದಳು. ಥಟ್ಟನೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಉಡಾಳರನ್ನು ಎಣಿಸುವ ಕೆಲಸ ನಮ್ಮ ಊರಿನಲ್ಲಿ ಹಿಂದೆಯೂ ನಡೆದಿದೆ. ಆ ಲೆಕ್ಕ ಹೇಗಿತ್ತೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು.

ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಭಾಗ ಎಲ್ಲರಿಗೂ ಗೊತ್ತು. ಆ ಹೆಸರು ಏಕೆ ಬಂತೆಂದು ಬಲ್ಲವರು ಕಡಿಮೆ. 1871ರಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ಗಳ ಕಾಯಿದೆಯನ್ನು ತಂದಿತು. 1911ರ ಕಾಯಿದೆಯೊಂದಿಗೆ ಅದರ ಹಿಡಿತ ನಮ್ಮ ಮುಂಬೈ ಪ್ರಾಂತಕ್ಕೂ ಬಂತು. ಕೆಲವು ಸಮುದಾಯಗಳ ಹೆಸರನ್ನು ಪಟ್ಟಿಗೆ ಸೇರಿಸಿ, ಅವರನ್ನು ಬೇಲಿಯೊಳಗಿನ ವಸತಿಗಳಲ್ಲಿಟ್ಟು, ಹಾಜರಿ ತೆಗೆದುಕೊಂಡು, ಹೊರಗೆ ಹೋಗಲು ಚೀಟಿ ಕೊಡುವ ವ್ಯವಸ್ಥೆ ಅದು. ವಿಜಾಪುರ, ಸೊಲ್ಲಾಪುರ, ಗದಗಗಳಂತೆ ಹುಬ್ಬಳ್ಳಿಯಲ್ಲಿಯೂ ಇಂಥ ವಸತಿ ತಲೆಯೆತ್ತಿತು. ಈ ವಸತಿಗಳ ಮೇಲ್ವಿಚಾರಣೆಯನ್ನು ಬಹುಕಾಲ ನೋಡಿಕೊಂಡವರು ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ. ಈ ಭಾಗದಲ್ಲಿ ಹೀಗೆ ಗುರುತಿಸಲ್ಪಟ್ಟವರಲ್ಲಿ ಗಂಟಿಚೋರರೂ ಇದ್ದರು. ಹೆಸರಿನಲ್ಲಿಯೇ ‘ಚೋರ’ ಎಂಬ ಪದವನ್ನು ಹೊತ್ತ ಮನೆಯಲ್ಲಿ ಹುಟ್ಟಿದ ಕೂಸಿನ ಪಾಡನ್ನು ಊಹಿಸಿರಿ.

ಮಕ್ಕಳ ವಿಷಯದಲ್ಲಂತೂ ಕಾಯಿದೆ ಇನ್ನೂ ಕಠೋರವಾಗಿತ್ತು. 1924ರ ಕಾಯಿದೆಯಂತೆ ಆರು ವರ್ಷ ಮೀರಿದ, ಹದಿನೆಂಟು ತುಂಬದ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಕೈಗಾರಿಕಾ ಅಥವಾ ಸುಧಾರಣಾ ಶಾಲೆಗೆ ಸೇರಿಸಬಹುದಿತ್ತು. ಮಗು ಏನು ಮಾಡಿತೆಂಬುದು ಪ್ರಶ್ನೆಯೇ ಅಲ್ಲ. ಯಾರ ಮನೆಯಲ್ಲಿ ಹುಟ್ಟಿತೆಂಬುದೇ ಸಾಕು. ಅಂದರೆ ಆ ಲೆಕ್ಕದಲ್ಲಿ ಕೆಲವು ಓಣಿಗಳ ಮಕ್ಕಳೆಲ್ಲರೂ, ನೂರಕ್ಕೆ ನೂರರಷ್ಟು, ಕೆಟ್ಟವರು. ಪಕ್ಕದ ಧಾರವಾಡದಲ್ಲಿ ಅದೇ ಕಾಲದಲ್ಲಿ ತರುಣ ಅಪರಾಧಿಗಳಿಗಾಗಿ ಬೋರ್ಸ್ಟಲ್ ಶಾಲೆಯಿತ್ತು. ಅಲ್ಲಿ ಹೋಗುವವನು ಕೊನೆಗೆ ಏನಾದರೂ ಅಪರಾಧ ಮಾಡಿಯಾದರೂ ಹೋಗುತ್ತಿದ್ದ. ಸೆಟ್ಲಮೆಂಟಿನ ಕೂಸಿಗೆ ಅಷ್ಟೂ ಬೇಕಿರಲಿಲ್ಲ.

ಸ್ವಾತಂತ್ರ್ಯದ ನಂತರ, 1952ರಲ್ಲಿ, ಈ ಕಾಯಿದೆ ದೇಶದಿಂದಲೇ ಹೋಯಿತು. ಬೇಲಿ ಹೋಯಿತು, ಹೆಸರು ಉಳಿಯಿತು.

ಈಗ ಇನ್ನೊಂದು ಬಗೆಯ ಎಣಿಕೆಯನ್ನು ನೋಡೋಣ. ವೈದ್ಯರು ‘ಕಂಡಕ್ಟ್ ಡಿಸಾರ್ಡರ್’ ಎಂದು ಕರೆಯುವ ನಡತೆಯ ತೊಂದರೆ ಒಂದು ದಿನದ ತುಂಟತನವಲ್ಲ. ಇತರರನ್ನು ಹಿಂಸಿಸುವುದು, ವಸ್ತುಗಳನ್ನು ಹಾಳುಮಾಡುವುದು, ಕಳ್ಳತನ, ಮೋಸ, ಮನೆ ಬಿಟ್ಟು ಓಡುವುದು ಮೊದಲಾದವು ಒಂದು ವರ್ಷದ ಅವಧಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡು, ಮಗುವಿನ ಬಾಳಿಗೇ ಅಡ್ಡಿಯಾದಾಗ ಮಾತ್ರ ಆ ಹೆಸರು. 27 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಇಂಥ ಮಕ್ಕಳು ನೂರಕ್ಕೆ ಸುಮಾರು ಇಬ್ಬರು. ಭಾರತದಲ್ಲಿ 2017ರ ಅಂದಾಜು ಪ್ರತಿಶತ 0.8, ಅಂದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ.

ನಮ್ಮ ರಾಜ್ಯದ್ದೇ ಒಂದು ಅಧ್ಯಯನವಿದೆ. ನಿಮ್ಹಾನ್ಸಿನ ಡಾ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಹಳ್ಳಿಗಳಲ್ಲಿ ಹದಿನಾರು ವರ್ಷದವರೆಗಿನ 2064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕರಿಂದ ಹದಿನಾರು ವರ್ಷದವರಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಅಂಜಿಕೆ, ತೊದಲು, ಹಟಮಾರಿತನ ಎಲ್ಲ ಸೇರಿ ಒಂದಲ್ಲ ಒಂದು ಮನೋವೈಜ್ಞಾನಿಕ ತೊಂದರೆಯಿದ್ದವರು ಪ್ರತಿಶತ 12. ಬಡಾವಣೆ, ಕೊಳೆಗೇರಿ, ಹಳ್ಳಿ ಈ ಮೂರರ ನಡುವೆ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ! ತೊಂದರೆಯೊಂದಿಗೆ ನಂಟು ಕಂಡದ್ದು ಮಗು ತಿಂದ ಪೆಟ್ಟುಗಳಿಗೆ ಮತ್ತು ತಂದೆತಾಯಿಯರ ಮಾನಸಿಕ ಕಾಯಿಲೆಗೆ. ಪೊಲೀಸರ ಪಟ್ಟಿ ಓಣಿಯನ್ನು ನೋಡಿ ಎಣಿಸಿತ್ತು. ವೈದ್ಯರು ಮಗುವನ್ನು ನೋಡಿ ಎಣಿಸಿದರು.

ಇದನ್ನು ಬರೆಯುವಾಗ ನನ್ನ ತಪ್ಪೊಂದನ್ನು ಮುಚ್ಚಿಡುವುದು ಸರಿಯಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ, ತರಗತಿಯಲ್ಲಿ ಒಬ್ಬನ ಕಂಪಾಸ ಪೆಟ್ಟಿಗೆ ಕಳೆಯಿತು. ನಾನು ನೆಟ್ಟಗೆ ಹಿಂದಿನ ಸಾಲಿಗೆ ಹೋಗಿ ಸೆಟ್ಲಮೆಂಟಿನಿಂದ ಬರುತ್ತಿದ್ದ ಹುಡುಗನ ಪಾಟೀಚೀಲವನ್ನು ಎಲ್ಲರೆದುರು ಸುರುವಿದೆ. ಎರಡು ಪುಸ್ತಕ, ಅರ್ಧ ರೊಟ್ಟಿ, ಬೇರೇನೂ ಇರಲಿಲ್ಲ. ಅವನು ಅಳಲಿಲ್ಲ; ರೊಟ್ಟಿಗೆ ಹತ್ತಿದ ಧೂಳನ್ನು ಒರೆಸಿ ಒಳಗಿಟ್ಟುಕೊಂಡ. ಮರುದಿನ ಆ ಪೆಟ್ಟಿಗೆ ಕಳೆದುಕೊಂಡವನ ಮನೆಯಲ್ಲಿಯೇ ಸಿಕ್ಕಿತು. ನಾನು ಅದನ್ನು ತರಗತಿಗೆ ಹೇಳಲಿಲ್ಲ. ಮೇಷ್ಟ್ರಿಗೆ ಮರ್ಯಾದೆ ಹೋಗುತ್ತದೆಂಬ ಅಂಜಿಕೆ ನನ್ನದು. ಅವನ ಮರ್ಯಾದೆ ಎಂದೋ ಹೋಗಿತ್ತೆಂಬುದು ನನಗೆ ತೋಚಲಿಲ್ಲ. ಕಾಯಿದೆ ಹೋಗಿ ಎರಡು ದಶಕ ಕಳೆದಿದ್ದರೂ ಪಟ್ಟಿ ನನ್ನ ತಲೆಯೊಳಗೇ ಇತ್ತು.

ಆ ಅಕ್ಕೋರಿಗೆ ಇದನ್ನೆಲ್ಲ ಹೇಳಿ, ಕೊನೆಗೆ ಇಷ್ಟೇ ಹೇಳಿದೆ: “ತಂಗಿ, ನಿನ್ನ ತರಗತಿಯಲ್ಲಿ ಐವತ್ತು ಮಕ್ಕಳಿದ್ದರೆ ಅವರಲ್ಲಿ ನಿಜವಾಗಿ ಇಂಥ ತೊಂದರೆಯಿರುವವರು ಒಬ್ಬರಿರಬಹುದು, ಒಬ್ಬರೂ ಇಲ್ಲದಿರಬಹುದು. ಆ ಒಬ್ಬ ಇದ್ದರೆ ಅವನಿಗೆ ಬೇಕಾದದ್ದು ಬೆತ್ತವಲ್ಲ, ವೈದ್ಯರು. ಧಾರವಾಡದ ಡಿಮ್ಹಾನ್ಸ್ ದೂರವೇನಲ್ಲ. ಉಳಿದವರನ್ನು ಆ ಲೆಕ್ಕಕ್ಕೆ ಸೇರಿಸಬೇಡ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗ ಈಗ ಎಲ್ಲಿದ್ದಾನ್ರಿ ಸರ್?” ಎಂದಳು. ನನಗೆ ಗೊತ್ತಿಲ್ಲ. ಇದನ್ನು ಓದುತ್ತಿರುವ ಅವನ ಸಹಪಾಠಿಗಳು ಯಾರಾದರೂ ಬಲ್ಲಿರಾದರೆ, ಮೇಷ್ಟ್ರು ಕ್ಷಮೆ ಕೇಳಿದ್ದಾರೆಂದು ಅವನಿಗೆ ತಿಳಿಸಿರಿ.