ಗ್ರೋವರ್ ದ್ರಾಕ್ಷಿತೋಟ

ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದ ಬಳಿ, ನಂದಿಬೆಟ್ಟದ ಸೀಮೆಯಲ್ಲಿರುವ ವೈನ್ ತೋಟ ಮತ್ತು ತಯಾರಿಕಾ ಘಟಕ. ಫ್ರಾನ್ಸಿನಲ್ಲಿ ‘ಶಾತೊ’ ಎಂದು ಕರೆಯುವ ವ್ಯವಸ್ಥೆಗೆ, ಅಂದರೆ ಬಳ್ಳಿ ಬೆಳೆದಲ್ಲೇ ರಸ ಹಿಂಡಿ, ಹುಳಿಸಿ, ಬಾಟಲಿ ತುಂಬುವ ಪದ್ಧತಿಗೆ, ಕರ್ನಾಟಕದಲ್ಲಿ ಹತ್ತಿರದ ಒಂದು ಉದಾಹರಣೆ ಇದು.

ಮುಂಬೈಯ ಉದ್ಯಮಿ ಕನ್ವಲ್ ಗ್ರೋವರ್ ವ್ಯಾಪಾರದ ಕೆಲಸಕ್ಕೆ ಫ್ರಾನ್ಸಿಗೆ ಹೋಗಿಬರುತ್ತಿದ್ದವರು. ವೈನಿನ ಗೀಳು ಹಿಡಿದದ್ದು ಅಲ್ಲೇ. ಶಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ಇಲ್ಲಿನ ಮಣ್ಣಿನಲ್ಲಿ ಪರೀಕ್ಷಿಸಿ, 1988ರಲ್ಲಿ ಸಂಸ್ಥೆ ಕಟ್ಟಿದರು. 1990ರ ದಶಕದ ನಡುವಿನಿಂದ ಬೋರ್ಡೊ ಸೀಮೆಯ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಜೊತೆಯಾದರು. 2012ರಲ್ಲಿ ನಾಸಿಕ್ ಕಡೆಯ ಸಂಸ್ಥೆಯೊಂದಿಗೆ ವಿಲೀನವಾದ ಮೇಲೆ ಹೆಸರು ‘ಗ್ರೋವರ್ ಜಂಪಾ’ ಆಯಿತು.

ತೋಟದ ಗುಣ ತಿಳಿಯಬೇಕಾದರೆ ಚಳಿಗಾಲದ ಮಾತೆತ್ತಬೇಕು. ಬೋರ್ಡೊ ಇರುವುದು ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಅಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. 13 ಡಿಗ್ರಿಯ ಆಸುಪಾಸಿನ ದೊಡ್ಡಬಳ್ಳಾಪುರದಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಚಳಿಗಾಲದ ಕೆಲಸವನ್ನು ಇಲ್ಲಿ ಕತ್ತರಿ ಮಾಡುತ್ತದೆ. ಬೇಸಿಗೆಯಲ್ಲಿ ಒಮ್ಮೆ ಬುಡದತ್ತ ಸವರಿ ಹೊಸ ಕಡ್ಡಿ ಬರಿಸುತ್ತಾರೆ. ಮಳೆ ಹಿಂದಾಗುವ ಹೊತ್ತಿಗೆ ಆ ಕಡ್ಡಿಯನ್ನು ಕೆಲವೇ ಕಣ್ಣು ಉಳಿಸಿ ಮೊಟಕು ಮಾಡಿದರೆ, ಆ ಕಣ್ಣುಗಳಿಂದಲೇ ಗೊಂಚಲು. ಬೋರ್ಡೊದಲ್ಲಿ ಸೆಪ್ಟೆಂಬರಿಗೆ ಆಗುವ ಕೊಯ್ಲು ಇಲ್ಲಿ ಶಿವರಾತ್ರಿಯ ಆಚೀಚೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರವಾದ್ದರಿಂದ ರಾತ್ರಿಗಳು ತಂಪು. ಹಣ್ಣು ಸಿಹಿಯಾಗುತ್ತಲೇ ಹುಳಿಯನ್ನೂ ಉಳಿಸಿಕೊಳ್ಳುತ್ತದೆ.

ಕ್ಯಾಬರ್ನೆ ಸೋವಿನ್ಯೊಂ, ಶಿರಾಜ್ ಇಲ್ಲಿನ ಮುಖ್ಯ ಕೆಂಪು ತಳಿಗಳು. ಎರಡನ್ನೂ ಬೆರೆಸಿ ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಮಾಗಿಸಿದ ‘ಲಾ ರಿಸರ್ವ್’ ತೋಟಕ್ಕೆ ಹೊರನಾಡಿನಲ್ಲಿ ಹೆಸರು ತಂದಿತು. ಬಿಳಿ ವೈನಿಗೆ ಸೋವಿನ್ಯೊಂ ಬ್ಲಾಂ, ವಿಯೊನ್ಯೆ ಉಂಟು. ಕೆಂಪಿಗೂ ಬಿಳಿಗೂ ವ್ಯತ್ಯಾಸ ಬರುವುದು ಸಿಪ್ಪೆಯಿಂದ: ಕೆಂಪು ವೈನ್ ಸಿಪ್ಪೆಯೊಡನೆಯೇ ಹುಳಿಯುತ್ತದೆ, ಬಣ್ಣವೂ ಒಗರೂ ಅದರದ್ದೇ.

ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ಭೌಗೋಳಿಕ ಗುರುತು ಪಡೆದ ‘ಬೆಂಗಳೂರು ಬ್ಲೂ’ ಚಪ್ಪರಗಳು ಗ್ರೋವರ್‌ಗಿಂತ ಬಹು ಹಿಂದಿನಿಂದ ಇಲ್ಲಿವೆ. ಘಮ ಜೋರು, ಸಿಪ್ಪೆ ದಪ್ಪ, ಜ್ಯೂಸಿಗೆ ಒಳ್ಳೆಯದು. ಫ್ರೆಂಚ್ ಮಾದರಿಯ ಒಣ (ಸಿಹಿಯಿಲ್ಲದ) ವೈನಿಗೆ ಆ ಘಮವೇ ತೊಡಕು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ ಇನ್ನಷ್ಟು ಘಟಕಗಳು ತಲೆಯೆತ್ತಿದವು. ಆದರೂ ಬೆಂಗಳೂರಿನ ರಾಜಾಜಿನಗರ, ವಿಜಯನಗರದ ರಸ್ತೆಗಳಲ್ಲಿ ‘ವೈನ್ಸ್’ ಎಂದು ಫಲಕ ಹಾಕಿಕೊಂಡ ಅಂಗಡಿಗೆ ಹೋದರೆ ಕಣ್ಣೆದುರಿನ ಸಾಲು ವಿಸ್ಕಿ, ರಮ್ಮುಗಳದ್ದು. ವೈನನ್ನು ಬಾಯಿಬಿಟ್ಟು ಕೇಳಬೇಕು.