ಡಾ. ಕಾಕರ್ಲ ಸುಬ್ಬಾರಾವ್: ಎಲುಬಿನ ಚಿತ್ರ ಓದುವ ವಿದ್ಯೆ

ಎಕ್ಸ್‌ರೇ ತೆಗೆಯುವವರು ಟೆಕ್ನಿಷಿಯನ್. ಅದನ್ನು ನೋಡಿ ರೋಗ ಏನಿರಬಹುದೆಂದು ವರದಿ ಬರೆಯುವವರು ರೇಡಿಯಾಲಜಿಸ್ಟ್. ರೋಗಿಗಳು ಅವರ ಮುಖ ನೋಡುವುದೇ ಅಪರೂಪ. ಹಾಗಾಗಿ ಈ ವೈದ್ಯರ ಹೆಸರು ಜನರಿಗೆ ಗೊತ್ತಿರುವುದಿಲ್ಲ. ಆದರೂ ಮನೆಮಾತಾದವರು ಹೈದರಾಬಾದಿನ ಡಾ. ಕಾಕರ್ಲ ಸುಬ್ಬಾರಾವ್.

ಇವರು 1925ರಲ್ಲಿ ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ ಜನಿಸಿದರು. ವಿಶಾಖಪಟ್ಟಣದ ಆಂಧ್ರ ಮೆಡಿಕಲ್ ಕಾಲೇಜಿನಲ್ಲಿ ಓದಿ 1951ರಲ್ಲಿ ಅಮೆರಿಕಕ್ಕೆ ಹೋದರು. 1955ರಲ್ಲಿ ಅಲ್ಲಿನ ರೇಡಿಯಾಲಜಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮರುವರ್ಷ ಹಿಂತಿರುಗಿ ಉಸ್ಮಾನಿಯಾ ಮೆಡಿಕಲ್ ಕಾಲೇಜಿನಲ್ಲಿ ಬೋಧಕರಾದರು. 1970ರಲ್ಲಿ ಪುನಃ ಅಮೆರಿಕಕ್ಕೆ ತೆರಳಿ, ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಎಲುಬು ಮತ್ತು ಕೀಲುಗಳ ಚಿತ್ರ ಅವರ ವಿಶೇಷ ಪರಿಣತಿ. ಎಲುಬಿನಲ್ಲಿ ಗಡ್ಡೆ ಕಂಡರೆ ರೇಡಿಯಾಲಜಿಸ್ಟ್ ಮೊದಲು ಅದರ ಅಂಚು ನೋಡುತ್ತಾರೆ. ಅಂಚು ಬಿಳಿ ಗೆರೆ ಎಳೆದಂತೆ ಸ್ಪಷ್ಟವಾಗಿದ್ದರೆ ಅದು ನಿಧಾನವಾಗಿ ಬೆಳೆಯುವ, ಹೆಚ್ಚಾಗಿ ಅಪಾಯವಿಲ್ಲದ ಗಡ್ಡೆ. ಅಂಚು ಮಸುಕಾಗಿ ಸುತ್ತಲಿನ ಎಲುಬು ಕರಗಿದಂತಿದ್ದರೆ ಕ್ಯಾನ್ಸರ್ ಇಲ್ಲವೇ ಸೋಂಕಿನ ಅನುಮಾನ. ಜೊತೆಗೆ ರೋಗಿಯ ವಯಸ್ಸು, ಗಡ್ಡೆ ಇರುವ ಜಾಗ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಓದು ತಪ್ಪಿದರೆ ಬೇಡದ ಆಪರೇಷನ್ ಆಗಬಹುದು, ಅಥವಾ ಬೇಕಾದ ಚಿಕಿತ್ಸೆ ತಡವಾಗಬಹುದು.

1986ರಲ್ಲಿ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಅವರ ಕರೆಗೆ ಓಗೊಟ್ಟು, ಅಮೆರಿಕದ ಹುದ್ದೆ ಬಿಟ್ಟು ಬಂದು ನಿಜಾಮ್ಸ್ ಇನ್‌ಸ್ಟಿಟ್ಯೂಟ್ (ನಿಮ್ಸ್) ನಿರ್ದೇಶಕರಾದರು. ಮೊದಲು ಎಲುಬಿನ ಆಸ್ಪತ್ರೆಯಾಗಿದ್ದ ಆ ಸಂಸ್ಥೆ ಎಲ್ಲ ವಿಭಾಗಗಳ ದೊಡ್ಡ ಆಸ್ಪತ್ರೆಯಾಗಿ ಬೆಳೆದುದರಲ್ಲಿ ಅವರ ಪಾತ್ರ ಹಿರಿದು. 2000ದಲ್ಲಿ ಪದ್ಮಶ್ರೀ ಬಂತು. 2021ರ ಏಪ್ರಿಲ್‌ನಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಮಕ್ಕಳು ಈ ದಾರಿ ಹಿಡಿಯಬೇಕೆಂದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನ, ನೀಟ್, ಎಂ.ಬಿ.ಬಿ.ಎಸ್., ಆಮೇಲೆ ಇನ್ನೊಂದು ಪ್ರವೇಶ ಪರೀಕ್ಷೆ ಬರೆದು ಮೂರು ವರ್ಷದ ಎಂ.ಡಿ. ರೇಡಿಯೋ ಡಯಾಗ್ನೋಸಿಸ್ ಓದಬೇಕು.

ಸ್ಕ್ಯಾನಿಂಗಿಗೆ ಹೋಗುವ ಬಂಧುಗಳು ಹಳೆಯ ವರದಿಯಷ್ಟೇ ಅಲ್ಲ, ಹಳೆಯ ಫಿಲಂ ಅಥವಾ ಸಿ.ಡಿ.ಯನ್ನೂ ಒಯ್ಯಿರಿ. ನೋವು ಎಲ್ಲಿ, ಎಂದಿನಿಂದ, ಹಿಂದೆ ಆಪರೇಷನ್ ಆಗಿದೆಯೇ ಎಂಬುದನ್ನು ತಿಳಿಸಿ. ಗರ್ಭಿಣಿಯಿರಬಹುದೆಂಬ ಸಂಶಯವಿದ್ದರೆ ಎಕ್ಸ್‌ರೇ, ಸಿ.ಟಿ.ಗೆ ಮುಂಚೆಯೇ ಹೇಳಿ. ಹಿಂದಿನ ಚಿತ್ರ ಪಕ್ಕದಲ್ಲಿದ್ದರೆ ಗಡ್ಡೆ ಬೆಳೆದಿದೆಯೇ, ಹಾಗೇ ಇದೆಯೇ ಎಂದು ವೈದ್ಯರು ಹೋಲಿಸಿ ಹೇಳಬಲ್ಲರು.