ಅಂಗಳದ ನಾಯಿಮಲ ಮತ್ತು ಅದನ್ನೆತ್ತುವ ಸಲಕರಣೆ: ಒಂದು ಟಿಪ್ಪಣಿ

ದನ ಹಾಕಿದ್ದು ಸಗಣಿ. ಕುದುರೆ, ಕತ್ತೆ, ಆನೆಗಳದ್ದು ಲದ್ದಿ. ಆಡು, ಕುರಿ, ಇಲಿಗಳದ್ದು ಹಿಕ್ಕೆ. ನಾಯಿಯದಕ್ಕೆ ಮಾತ್ರ ಕನ್ನಡದ ಬಳಕೆಯಲ್ಲಿ ಹೀಗೊಂದು ಸ್ವಂತ ಹೆಸರು ಕಾಣುವುದಿಲ್ಲ. ಮನುಷ್ಯರದಕ್ಕೆ ಹೇಳುವ ಮಾತನ್ನೇ ಅದಕ್ಕೂ ಹೇಳುತ್ತೇವೆ. ನಾಲ್ಕು ಜನರೆದುರು 'ಗಲೀಜು' ಎಂದೋ 'ಹೇಸಿಗೆ' ಎಂದೋ ದಾಟಿಸುತ್ತೇವೆ. ಎಳೆಮಕ್ಕಳ ಮಾತಾದ 'ಕಕ್ಕ' ಈಚೆಗೆ ಸಾಕುನಾಯಿಗೂ ಸಂದಿದೆ. ಈ ಕೊರತೆಗೆ ಕಾರಣ ಇದೆಯೆಂದು ನನ್ನ ಊಹೆ. ಸಗಣಿಯಿಂದ ಗೊಬ್ಬರ, ಬೆರಣಿ, ಸಾರಣೆ ಎಲ್ಲ ಆಗುತ್ತಿತ್ತು. ಹಿಕ್ಕೆಯ ಆಸೆಗೆ ರೈತರು ಹೊಲದಲ್ಲಿ ಕುರಿಮಂದೆ ತರುಬಿಸುತ್ತಿದ್ದರು. ಉಪಯೋಗಕ್ಕೆ ಬಂದದ್ದಕ್ಕೆ ಹೆಸರು ಬಂತು, ಹೆಸರಿನ ಬೆನ್ನಿಗೆ ಬುಟ್ಟಿ, ಗುದ್ದಲಿ, ಗೊಬ್ಬರದ ಗುಂಡಿ ಬಂದವು. ನಾಯಿಯದು ಯಾರಿಗೂ ಬೇಕಿರಲಿಲ್ಲ. ಊರ ನಾಯಿ ಬೇಲಿಸಾಲಿಗೆ ಹೋಗಿಬರುತ್ತಿತ್ತು. ಉಳಿದದ್ದನ್ನು ಬಿಸಿಲು ಮಳೆಗಳು ನೋಡಿಕೊಳ್ಳುತ್ತಿದ್ದವು.

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಎದ್ದು, ಸುತ್ತ ಕಾಂಪೌಂಡು ಬಂದು, ಗೇಟಿನೊಳಗೆ ಲ್ಯಾಬ್ರಡಾರೋ ಮುಧೋಳವೋ ಸೇರಿಕೊಂಡ ಮೇಲೆ ಆ ಏರ್ಪಾಟು ಮುಗಿಯಿತು. ಬೇಲಿಸಾಲಿಗೆ ಹೋಗುತ್ತಿದ್ದದ್ದು ಈಗ ತುಳಸಿಕಟ್ಟೆಯಿಂದ ನಾಲ್ಕು ಹೆಜ್ಜೆಯಾಚೆ ಬೀಳುತ್ತದೆ. ಎತ್ತಲೇಬೇಕು, ಯಾವುದರಿಂದ ಎಂಬುದೇ ಪ್ರಶ್ನೆ. ಕೈಗೆ ತಾಗದಿರುವುದನ್ನೇ ಅಂಗಡಿಯವರು ದೊಡ್ಡ ಗುಣವಾಗಿ ತೋರಿಸುತ್ತಾರೆ. ಎತ್ತಿದ್ದೆಷ್ಟು ಎನ್ನುವುದಕ್ಕಿಂತ ಉಳಿದದ್ದೆಷ್ಟು ಎಂದು ನೋಡಿ ಸಲಕರಣೆ ಆರಿಸಬೇಕು ಎಂಬುದು ಈ ಟಿಪ್ಪಣಿಯ ವಾದ. ಉಳಿಕೆ ಮೂರು ಕಡೆ ಇರುತ್ತದೆ: ನೆಲದಲ್ಲಿ, ಸಲಕರಣೆಯಲ್ಲಿ, ಕೊನೆಗೆ ಹಾಕಿದ ಜಾಗದಲ್ಲಿ.

1. ಹೊರನಾಡಿನ ಮೂರು ಸಾಕ್ಷ್ಯ

ನಾಯಿಮಲಕ್ಕೆ ಹೆಸರೂ ಬೆಲೆಯೂ ಇದ್ದ ಊರೊಂದಿತ್ತು. 19ನೆಯ ಶತಮಾನದ ಲಂಡನ್ನಿನ ಚರ್ಮದ ಹದಗಾರರು ಸುಣ್ಣದಲ್ಲಿ ನೆನೆದ ತೊಗಲನ್ನು ಮೆದುವಾಗಿಸಲು ಅದನ್ನು ಬಳಸುತ್ತಿದ್ದರು. ವ್ಯಾಪಾರದ ಮಾತಿನಲ್ಲಿ ಅದರ ಹೆಸರು 'ಪ್ಯೂರ್', ಎಂದರೆ ಶುದ್ಧ. ಬೀದಿಬೀದಿ ಅಲೆದು ಅದನ್ನು ಆಯ್ದು ಮಾರಿ ಬದುಕುವವರಿದ್ದರು. ಹೆನ್ರಿ ಮೇಹ್ಯೂ ಲಂಡನ್ನಿನ ದುಡಿಮೆಗಾರರ ಬಗ್ಗೆ 1851ರ ಹೊತ್ತಿಗೆ ಪ್ರಕಟಿಸಿದ ಬರಹಗಳಲ್ಲಿ ಇವರ ಸಲಕರಣೆಯ ವಿವರವಿದೆ: ಮುಚ್ಚಳವಿರುವ ಬುಟ್ಟಿ, ಬಲಗೈಗೆ ಕಪ್ಪು ಚರ್ಮದ ಗ್ಲೌಸು. ಆದರೆ ಹಲವರು ಆ ಗ್ಲೌಸನ್ನೇ ಬಿಟ್ಟಿದ್ದರಂತೆ. ಅದನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದಕ್ಕಿಂತ ಕೈ ತೊಳೆಯುವುದು ಸಲೀಸು ಎಂಬುದು ಅವರ ಕಾರಣ. ದಿನವಿಡೀ ಅದೇ ಕೆಲಸ ಮಾಡಿದವರ ತೀರ್ಪಿದು. ತೊಳೆಯಲು ಬಾರದ ಸಲಕರಣೆ ಕೈಯನ್ನು ಉಳಿಸುವುದಿಲ್ಲ, ಗಲೀಜನ್ನು ನಾಳೆಗೆ ಉಳಿಸುತ್ತದೆ. 1907ರ ಸುಮಾರಿಗೆ ಜರ್ಮನಿಯ ಒಟ್ಟೊ ರೋಮ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವದಿಂದ ಅದೇ ಹದ ತರುವುದನ್ನು ತೋರಿಸಿಕೊಟ್ಟ ಮೇಲೆ ನಾಯಿಮಲದ ಆ ಮಾರುಕಟ್ಟೆ ಕರಗಿತು.

ಪ್ಯಾರಿಸ್ ಯಂತ್ರವನ್ನು ನಂಬಿತು. ಜಾಕ್ ಶಿರಾಕ್ ಮೇಯರ್ ಆಗಿದ್ದ 1980ರ ದಶಕದಲ್ಲಿ, ಹೀರುವ ಕೊಳವೆ ಕಟ್ಟಿಕೊಂಡ ಮೋಟಾರ್‌ಸೈಕಲ್ಲುಗಳು ಕಾಲುದಾರಿಗಳಲ್ಲಿ ಓಡಾಡಿದವು. ಖರ್ಚು ದೊಡ್ಡದು, ಎತ್ತಿದ ಪಾಲು ಚಿಕ್ಕದು; ಎರಡು ದಶಕ ನಡೆಸಿ ನಗರಾಡಳಿತ ಅದನ್ನು ಕೈಬಿಟ್ಟು, ನಾಯಿಯ ಒಡೆಯರಿಗೆ ದಂಡ ಹಾಕುವ ದಾರಿ ಹಿಡಿಯಿತು. ನ್ಯೂಯಾರ್ಕಿನಲ್ಲಿ ಯಂತ್ರವೇ ಇರಲಿಲ್ಲ. 1978ರ ಆಗಸ್ಟ್ 1ರಿಂದ ಜಾರಿಗೆ ಬಂದ ಕಾಯಿದೆ, ನಾಯಿ ಹಿಡಿದವರೇ ಎತ್ತಬೇಕು ಎಂದಿತು. ಯಾವುದರಿಂದ ಎತ್ತುತ್ತೀರೋ ನಿಮ್ಮಿಷ್ಟ. ಊರು ಹಸನಾದದ್ದು ಆ ದಾರಿಯಲ್ಲಿ. ಬಿದ್ದ ಗಳಿಗೆಯಲ್ಲಿ ಪಕ್ಕದಲ್ಲೇ ಇರುವವರ ಕೈಯ ತುಂಡು ಕಾಗದ, ನಾಳೆ ಬರುವ ಮೋಟಾರ್‌ಸೈಕಲ್ಲಿಗಿಂತ ಒಳ್ಳೆಯ ಸಲಕರಣೆ.

2. ಹುಳುಗಳ ಲೆಕ್ಕ

ಹೊತ್ತಿಗೆ ಇಷ್ಟು ತೂಕ ಕೊಡಲು ಕಾರಣ ಹುಳುಗಳ ಜೀವನಕ್ರಮದಲ್ಲಿದೆ. ನಾಯಿಯ ದುಂಡುಹುಳು (ಟಾಕ್ಸೊಕಾರ ಕ್ಯಾನಿಸ್) ಹಾಕುವ ಮೊಟ್ಟೆ ಹೊರಬಿದ್ದ ಕೂಡಲೇ ಸೋಂಕು ಹಚ್ಚುವುದಿಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಕಳೆದು ಒಳಗೆ ಮರಿ ಬಲಿಯಬೇಕು. ಬಲಿತ ಮೇಲೆ ಅದೇ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ಮಣ್ಣಾಟದ ಕೈಯನ್ನು ಬಾಯಿಗಿಡುವ ಮಕ್ಕಳ ಹೊಟ್ಟೆಗೆ ಅದು ಸೇರಿದರೆ ಮರಿಹುಳು ಯಕೃತ್ತಿಗೆ, ಶ್ವಾಸಕೋಶಕ್ಕೆ, ಕೆಲವೊಮ್ಮೆ ಕಣ್ಣಿಗೆ ಅಲೆಯುತ್ತದೆ. ಕೊಕ್ಕೆಹುಳುವಿನದು ಅವಸರದ ಲೆಕ್ಕ. ಬೆಚ್ಚಗಿನ ತೇವದ ಮಣ್ಣಿನಲ್ಲಿ ಅದರ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ, ಐದರಿಂದ ಹತ್ತು ದಿನದೊಳಗೆ ಮರಿ ಚರ್ಮ ಕೊರೆದು ಹೋಗುವಷ್ಟು ಬಲಿಯುತ್ತದೆ. ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಿದವರ ಪಾದದಲ್ಲಿ ಕೆಂಪಗೆ ಹಾವಿನಂತೆ ಹರಿದು ತುರಿಸುವ ಗೆರೆ ಇದರ ಗುರುತು.

ಇದರಿಂದ ಎರಡು ಮಾತು ಸಿಗುತ್ತವೆ. ದಿನವೂ ಎತ್ತಿದರೆ ಈ ಎರಡು ಹುಳುಗಳೂ ಬಲಿಯುವ ಮುಂಚೆಯೇ ಅಂಗಳ ಬಿಡುತ್ತವೆ. ಭಾನುವಾರಕ್ಕೊಮ್ಮೆ ಎತ್ತಿದರೆ ಕೊಕ್ಕೆಹುಳು ಗೆದ್ದಿರುತ್ತದೆ, ಸಲಕರಣೆ ಎಷ್ಟೇ ದುಬಾರಿಯದಾಗಿರಲಿ. ಹಾಗೆಂದು ಹಸಿಯದು ನಿರಪಾಯವೆಂದು ತಿಳಿಯಬಾರದು. ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್, ಭೇದಿ ತರುವ ಜಿಯಾರ್ಡಿಯ, ನಾಯಿಯ ಒಂದು ಬಗೆಯ ಲಾಡಿಹುಳುವಿನ ಮೊಟ್ಟೆ ಇವು ಬಿದ್ದ ಗಳಿಗೆಯಿಂದಲೇ ಸೋಂಕು ಹಚ್ಚಬಲ್ಲವು. ಯಾವುದರಿಂದ ಎತ್ತಿದರೂ ಸೋಪು ಹಚ್ಚಿ ಕೈ ತೊಳೆಯುವುದು ತಪ್ಪುವುದಿಲ್ಲ.

3. ನೆಲ ನೋಡಿ ಸಲಕರಣೆ

ನಾಯಿಯ ಗಾತ್ರ ಹೇಳಿ ಸಲಕರಣೆ ಕೊಳ್ಳುವುದು ರೂಢಿ. ಮೊದಲು ಹೇಳಬೇಕಾದದ್ದು ನೆಲದ ಜಾತಿ.

ಸಿಮೆಂಟು ಅಥವಾ ಕಡಪ ಕಲ್ಲಿನ ನೆಲಕ್ಕೆ ನೇರ ಅಂಚಿನ ತೆಳು ತಗಡು ಬೇಕು. ಗಾರೆಯವರ ಕರಣಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಡಗೈಯಲ್ಲಿ ಕಸದ ಮೊರ ಹಿಡಿದು, ಕರಣಿಯ ಅಲಗನ್ನು ನೆಲಕ್ಕೆ ಮಟ್ಟಸವಾಗಿ ತಾಗಿಸಿ ಒಂದೇ ಸಲ ತಳ್ಳಿದರೆ ಪೂರ್ತಿ ಎದ್ದುಬರುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಹಿಡಿ ಒತ್ತಿದರೆ ಬಾಯಿ ತೆರೆಯುವ ಚಿಮ್ಮಟದಂಥ ಸಲಕರಣೆ ಇಲ್ಲಿ ಸೋಲುತ್ತದೆ. ಅದರ ಎರಡು ದವಡೆಗಳು ಕೂಡುವಲ್ಲಿ ನೆಲಕ್ಕೂ ಅಂಚಿಗೂ ಸಂದು ಉಳಿಯುತ್ತದೆ. ಮೆತ್ತಗಿದ್ದದ್ದು ಆ ಸಂದಿನಲ್ಲಿ ಬಳಿದುಕೊಂಡು ನೆಲದ ಮೇಲೆ ಪಟ್ಟೆ ಎಳೆಯುತ್ತದೆ. ಇಂಟರ್‌ಲಾಕ್ ಇಟ್ಟಿಗೆಯ ಅಂಗಳ ಇನ್ನೂ ಕಷ್ಟದ್ದು. ಒತ್ತಿದಷ್ಟೂ ಸಂದಿಗೆ ಇಳಿಯುತ್ತದೆ. ಅಲ್ಲಿ ಎತ್ತುವ ಮೊದಲು ಒಣಗಿಸಿಕೊಳ್ಳಬೇಕು. ಹೇಗೆಂಬುದನ್ನು ಮುಂದೆ ಹೇಳಿದ್ದೇನೆ.

ಹುಲ್ಲುಹಾಸಿನ ಮೇಲೆ ಅಲಗಿಗೆ ಕೆಲಸವಿಲ್ಲ. ಹುಲ್ಲಿನ ಎಸಳು ಅಡಿಯಿಂದ ಎತ್ತಿ ಹಿಡಿದಿರುವುದನ್ನು ಅಲಗು ಕತ್ತರಿಸಿ ಬುಡಕ್ಕೆ ತುಳಿಯುತ್ತದೆ. ಹಲ್ಲಿರುವ ಪುಟ್ಟ ರೇಕು ಮತ್ತು ಉದ್ದ ಹಿಡಿಯ ತಟ್ಟೆಯ ಜೋಡಿ ಇಲ್ಲಿ ಸರಿ. ರೇಕಿನ ಹಲ್ಲು ಹುಲ್ಲಿನ ನಡುವೆ ಬಾಚಣಿಗೆಯಂತೆ ಹಾದು ಗಟ್ಟಿಯದನ್ನು ಉರುಳಿಸಿ ತಟ್ಟೆಗೆ ತರುತ್ತದೆ. ಹಲ್ಲು ತೀರಾ ಒತ್ತಾಗಿದ್ದರೆ ಹುಲ್ಲು ಕಿತ್ತುಬರುತ್ತದೆ, ತೀರಾ ವಿರಳವಾದರೆ ಚಿಕ್ಕ ನಾಯಿಯದು ಜಾರಿಹೋಗುತ್ತದೆ. ಕೊಳ್ಳುವ ಮುಂಚೆ ಹಲ್ಲುಗಳ ನಡುವೆ ಬೆರಳಿಟ್ಟು ನೋಡಿದರೆ ಸಾಕು: ಒಂದು ಬೆರಳು ಹಿಡಿಯಬೇಕು, ಎರಡು ಹಿಡಿಯಬಾರದು.

ಮಣ್ಣು, ಜಲ್ಲಿ, ಕರಾವಳಿಯ ಹೊಯಿಗೆ ಅಂಗಳಗಳಿಗೆ ಸಲಿಕೆಯೇ ಸೂಕ್ತ. ಇಲ್ಲಿ ಮಲವನ್ನಷ್ಟೇ ಎತ್ತಲು ಹೋಗಬಾರದು. ಅಡಿಯ ಒಂದು ಬೆರಳು ದಪ್ಪದ ಮಣ್ಣನ್ನೂ ಸೇರಿಸಿ ತೆಗೆಯಬೇಕು. ಮೊಟ್ಟೆಗಳು ಮೊದಲು ಇಳಿಯುವುದು ಆ ಪದರಕ್ಕೆ. ಮಣ್ಣು ಜೊತೆಗೆ ಬಂದರೆ ಸಲಿಕೆಗೂ ಅಂಟುವುದಿಲ್ಲ.

ಅಡಿಕೆ ಸೀಮೆಯವರಿಗೆ ಗೊತ್ತಿರುವ ಹಳೆಯ ಕ್ರಮವೊಂದಿದೆ. ಮೊದಲಿಗೆ ಅದು ಎಳೆಮಕ್ಕಳ, ಬೆಕ್ಕಿನ ಗಲೀಜಿಗೆ ಬಳಕೆಯಾದದ್ದು. ಒಣಗಿದ ಅಡಿಕೆ ಹಾಳೆಯಿಂದ ಅಂಗೈಯಗಲದ ಎರಡು ತುಂಡು ಸೀಳಿಕೊಳ್ಳುತ್ತಾರೆ. ಒಲೆಯ ಬೂದಿಯನ್ನು ಗಲೀಜಿನ ಮೇಲೂ ಸುತ್ತಲೂ ಉದುರಿಸಿ, ಬಿಳಿ ಬೂದಿ ತೇವ ಹೀರಿ ಕಪ್ಪಾಗುವ ತನಕ ಕಾಯುತ್ತಾರೆ. ಒಂದು ತುಂಡನ್ನು ಆ ಬದಿಗೆ ಗೋಡೆಯಂತೆ ಒತ್ತಿಹಿಡಿದು, ಇನ್ನೊಂದನ್ನು ಈ ಬದಿಯಿಂದ ನೆಲಕ್ಕೆ ತಾಗಿಸಿ ನೂಕುತ್ತಾರೆ. ಹಾಳೆ ಬಾಗುವುದರಿಂದ ನೆಲದ ಏರುತಗ್ಗಿಗೆ ಹೊಂದಿಕೊಳ್ಳುತ್ತದೆ. ಮುರಕಲ್ಲಿನ ಅಂಗಳದ ಗುಳಿಯಲ್ಲೂ ಅಂಚು ಕೂರುತ್ತದೆ. ಎತ್ತಿದ್ದರ ಜೊತೆ ಎರಡು ತುಂಡೂ ಗುಂಡಿಗೆ ಹೋಗುತ್ತವೆ. ಈ ಸಲಕರಣೆಯನ್ನು ತೊಳೆಯಬೇಕಾಗಿಲ್ಲ, ಎರಡನೆಯ ಉಳಿಕೆ ಸೊನ್ನೆ. ಬೂದಿ ಹುಳುವಿನ ಮೊಟ್ಟೆಗಳನ್ನು ಕೊಲ್ಲುತ್ತದೆಂದು ನೆಚ್ಚಬಾರದು. ನೀರಾದದ್ದನ್ನು ಎತ್ತಲು ಬರುವಂತೆ ಮಾಡುವುದಷ್ಟೇ ಅದರ ಕೆಲಸ. ಒಲೆಯಿಲ್ಲದ ಮನೆಯಲ್ಲಿ ಒಣಮಣ್ಣು, ಬಡಗಿಯಂಗಡಿಯ ಮರದ ಹೊಟ್ಟು, ತೆಂಗಿನ ನಾರಿನ ಪುಡಿ ಅದೇ ಕೆಲಸ ಮಾಡುತ್ತವೆ. ಇಂಟರ್‌ಲಾಕ್ ಅಂಗಳಕ್ಕೂ ಮದ್ದು ಇದೇ.

ಪೈಪು ಹಿಡಿದು ನೀರು ಬಿಡುವುದನ್ನು ಸಲಕರಣೆಗಳ ಪಟ್ಟಿಗೆ ಸೇರಿಸಿಲ್ಲ. ನೀರು ಏನನ್ನೂ ಎತ್ತುವುದಿಲ್ಲ, ಒಂದು ಕಡೆ ಇದ್ದದ್ದನ್ನು ಅಂಗಳಕ್ಕೆಲ್ಲ ಹಂಚಿ ಉಳಿದದ್ದನ್ನು ಚರಂಡಿಗೆ ಕಳಿಸುತ್ತದೆ. ಮಳೆಯದೂ ಅದೇ ಕೆಲಸ. ಮೋಡ ಕಟ್ಟಿದ ದಿನ ಮಳೆಗಿಂತ ಮುಂಚೆ ಎತ್ತಬೇಕು.

4. ಸಲಕರಣೆಯ ಸ್ನಾನ

ದುಂಡುಹುಳುವಿನ ಮೊಟ್ಟೆಯ ಹೊರಪದರ ಅಂಟಂಟು, ಒಳಚಿಪ್ಪು ಗಟ್ಟಿ. ಮನೆಯಲ್ಲಿ ಬಳಸುವ ಸೋಂಕುನಾಶಕಗಳಿಗೆ ಅದು ಜಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣ ಪಾರ್ವೊ ವೈರಸ್ಸನ್ನು ನಾಶ ಮಾಡುತ್ತದೆ. ಮೊಟ್ಟೆಯ ಅಂಟನ್ನು ಮಾತ್ರ ಕಳೆಯುತ್ತದೆ, ಆಮೇಲೆ ನೀರಿಗೆ ಜಾರಿಹೋಗುವುದು ಸುಲಭವಾಗುತ್ತದೆ. ಮೊಟ್ಟೆಯನ್ನು ಕೊಲ್ಲುವುದು ಕುದಿಯುವ ನೀರು. ಕೊಕ್ಕೆಹುಳುವಿನ ಮರಿಗೆ ನೆತ್ತಿಯ ಬಿಸಿಲೂ ಒಣಹವೆಯೂ ಸಾಕು.

ಹಾಗಾಗಿ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ: ಇದರ ಮೇಲೆ ಕುದಿನೀರು ಹೊಯ್ಯಬಹುದೇ? ತೆಳು ಪ್ಲಾಸ್ಟಿಕ್ಕಿನದು ಸೊಟ್ಟಾಗುತ್ತದೆ. ಸ್ಟೀಲು, ಕಬ್ಬಿಣ, ತಗಡು ತಡೆಯುತ್ತವೆ. ಎರಡನೆಯ ಪ್ರಶ್ನೆ: ಇದರಲ್ಲಿ ಎಷ್ಟು ಸಂದುಗಳಿವೆ? ದವಡೆಯ ಸಲಕರಣೆಯಲ್ಲಿ ಸ್ಪ್ರಿಂಗು, ತಿರುಗಣೆ, ಎಳೆತಂತಿ ಇವೆ. ಒಂದೊಂದೂ ಬ್ರಷ್ಷು ಮುಟ್ಟದ ಮೂಲೆ. ಕರಣಿಯಲ್ಲಿ ಇಣುಕಿ ನೋಡಬೇಕಾದ ಸಂದೇ ಇಲ್ಲ. ತೊಳೆದ ನೀರು ಬಸಳೆಯ ಬುಡಕ್ಕೋ ಕೊತ್ತಂಬರಿಯ ಮಡಿಗೋ ಹೋಗದಿರಲಿ. ತೊಳೆದ ಮೇಲೆ ನೆರಳಿನ ಮೂಲೆಯಲ್ಲಿ ಒರಗಿಸದೆ ಬಿಸಿಲಿಗೆ ತೂಗುಹಾಕಬೇಕು.

5. ಹಾಕುವ ಜಾಗ

ಸಗಣಿಯ ಅಭ್ಯಾಸದಿಂದ ನಾಯಿಯದನ್ನೂ ತಿಪ್ಪೆಗೆ ಎಸೆಯುವವರಿದ್ದಾರೆ. ಮನೆಯ ಸಣ್ಣ ಗೊಬ್ಬರದ ಡಬ್ಬಿ ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ, ಮೊಟ್ಟೆಗಳು ಉಳಿಯುತ್ತವೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಸುತ್ತ ಹಿಮಬಂಡಿ ಎಳೆಯುವ ನಾಯಿಗಳನ್ನು ಸಾಕುವವರು ಮರದ ಹೊಟ್ಟು ಬೆರೆಸಿ, ರಾಶಿ ಸುಮಾರು 63 ಡಿಗ್ರಿ ಸೆಲ್ಸಿಯಸ್ ಕಾಯುವಂತೆ ನೋಡಿಕೊಂಡು ಗೊಬ್ಬರ ಮಾಡಿದ್ದುಂಟು. ಆ ಗೊಬ್ಬರವನ್ನು ತಿನ್ನುವ ಬೆಳೆಗೆ ಹಾಕಬಾರದೆಂಬ ಎಚ್ಚರ ಅಲ್ಲಿಯೂ ಇದೆ. ಒಂದೆರಡು ನಾಯಿಯ ಮನೆಯಲ್ಲಿ ಅಷ್ಟು ದೊಡ್ಡ ರಾಶಿಯೂ ಆಗದು, ಅಷ್ಟು ಕಾವೂ ಏರದು.

ಜಾಗವಿದ್ದರೆ ಗುಂಡಿ ತೋಡಿ ಹಾಕಿ, ಪ್ರತಿಸಲ ಮಣ್ಣು ಮುಚ್ಚುವುದು ಸರಿ. ಗುಂಡಿ ಬಾವಿಯಿಂದಲೂ ತರಕಾರಿ ಮಡಿಯಿಂದಲೂ ದೂರವಿರಬೇಕು. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಈ ಅಂತರವನ್ನು ಇನ್ನಷ್ಟು ಹೆಚ್ಚಿಸಬೇಕು. ಜಾಗವಿಲ್ಲದವರು ಚೀಲವಿಲ್ಲದೆ ಪಾಯಿಖಾನೆಗೆ ಹಾಕಿ ನೀರು ಬಿಡಬಹುದು. ಕಸದ ಗಾಡಿಗೇ ಕೊಡುವುದಾದರೆ ಹಳೆ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ಒಳಗೇನಿದೆ ಎಂದು ಹೇಳಿ ಬೇರೆಯಾಗಿ ಕೊಡಬೇಕು; ಹಸಿಕಸದ ಬಕೆಟ್ಟಿನಲ್ಲಿ ಅಡಗಿಸಬಾರದು. ತೆಳು ಕ್ಯಾರಿಬ್ಯಾಗನ್ನು ನೆಚ್ಚುವ ಹಾಗೂ ಇಲ್ಲ: 2022ರ ಡಿಸೆಂಬರ್ 31ರಿಂದ ದೇಶದಲ್ಲಿ 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ.

6. ತೀರ್ಮಾನ

ಸಿಮೆಂಟು ನೆಲಕ್ಕೆ ಕರಣಿ ಮತ್ತು ಮೊರ, ಹುಲ್ಲಿಗೆ ರೇಕು ಮತ್ತು ತಟ್ಟೆ, ಮಣ್ಣಿಗೆ ಸಲಿಕೆ, ಹಾಳೆ ಸಿಗುವಲ್ಲಿ ಹಾಳೆ. ನೀರಾದದ್ದಕ್ಕೆ ಎಲ್ಲೆಡೆಯೂ ಮೊದಲು ಬೂದಿ. ದವಡೆಯ ಸಲಕರಣೆಯನ್ನು ಪೂರ್ತಿ ತಳ್ಳಿಹಾಕಲಾರೆ. ಮಂಡಿನೋವಿನವರಿಗೆ, ಬಗ್ಗಲಾಗದವರಿಗೆ, ಒಂದು ಕೈಯಲ್ಲಿ ಸರಪಳಿ ಹಿಡಿದವರಿಗೆ ಅದೇ ಗತಿ. ತೊಳೆಯುವ ಕಷ್ಟವನ್ನು ಒಪ್ಪಿಕೊಂಡು ಕೊಳ್ಳಬೇಕು. ಇವೆಲ್ಲದರ ಜೊತೆಗೆ ಪಶುವೈದ್ಯರಲ್ಲಿ ಕಾಲಕಾಲಕ್ಕೆ ಜಂತುಹುಳುವಿನ ಔಷಧಿ ಕೊಡಿಸದಿದ್ದರೆ ಎತ್ತುವ ಕೆಲಸ ಅರ್ಧವೇ ಆದಂತೆ. ನಾಯಿಮರಿ ತಾಯಿಯ ಹೊಟ್ಟೆಯಲ್ಲಿರುವಾಗಲೇ ದುಂಡುಹುಳು ಹೊತ್ತು ಬರಬಲ್ಲದು.

ಕೊನೆಯದೊಂದು ಮಾತು. ನಮ್ಮ ಬಹಳ ಮನೆಗಳಲ್ಲಿ ನಾಯಿ ತಂದವರು ಒಬ್ಬರು, ಸಲಕರಣೆ ಕೊಂಡವರು ಇನ್ನೊಬ್ಬರು, ದಿನಾ ಎತ್ತುವವರು ಮನೆಕೆಲಸಕ್ಕೆ ಬರುವ ಹೆಂಗಸು. ಹಿಡಿ ಎಷ್ಟುದ್ದ ಬೇಕು, ಅಂಚು ಎಲ್ಲಿ ಸವೆದಿದೆ, ಯಾವ ಸಂದಿನಲ್ಲಿ ಗಲೀಜು ಕೂರುತ್ತದೆ ಎಂಬುದು ಗೊತ್ತಿರುವುದು ಆಕೆಗೆ. ಅಂಗಡಿಯಲ್ಲಿ ಆಕೆಯನ್ನು ಕೇಳುವವರಿಲ್ಲ. ಸಲಕರಣೆ ಕೊಳ್ಳುವವರು ಮೊದಲು ಒಂದು ವಾರ ತಾವೇ ಎತ್ತಿ, ತೊಳೆದು, ಬಿಸಿಲಿಗೆ ತೂಗುಹಾಕಿ ನೋಡಲಿ. ಆಮೇಲೆ ಅಂಗಡಿಗೆ ಹೋಗಲಿ.